ದುಬೈನಿಂದ 40 ಗ್ರಾಂ ಚಿನ್ನ ಸುಂಕವಿಲ್ಲದೆ ತರಬಹುದೇ? ಫಾರ್ವರ್ಡ್‌ನಲ್ಲಿ ಬಿಟ್ಟುಹೋದ ಸಾಲು

ವಾಟ್ಸ್ಆ್ಯಪ್ ಗುಂಪುಗಳಲ್ಲಿ ವರ್ಷಕ್ಕೆರಡು ಸಲವಾದರೂ ಸುತ್ತು ಹೊಡೆಯುವ ಸಂದೇಶವೊಂದಿದೆ. ವಿದೇಶದಿಂದ ಬರುವಾಗ ಮಹಿಳೆಯರು 40 ಗ್ರಾಂ, ಪುರುಷರು 20 ಗ್ರಾಂ ಚಿನ್ನವನ್ನು ಒಂದು ರೂಪಾಯಿ ಸುಂಕವನ್ನೂ ಕಟ್ಟದೆ ತರಬಹುದು ಎನ್ನುವುದು ಅದರ ತಿರುಳು. ಜೊತೆಗೊಂದು ಬಳೆಯ ಚಿತ್ರ, ಕೊನೆಯಲ್ಲಿ ಎಲ್ಲರಿಗೂ ಕಳಿಸಿ ಎಂಬ ಕೋರಿಕೆ. ನಮ್ಮ ಓದುಗರಲ್ಲಿ ಹಲವರಿಗೂ ಇದು ಬಂದಿರುತ್ತದೆ.

ಈ ಸಂದೇಶ ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೂ ಅಲ್ಲೇ. 40 ಗ್ರಾಂ, 20 ಗ್ರಾಂ ಎಂಬ ಅಂಕಿಗಳು ನಿಜಕ್ಕೂ ಕಾನೂನಿನಲ್ಲಿವೆ. ಆದರೆ ಆ ಅಂಕಿಗಳ ಹಿಂದೆಯೇ ಇನ್ನೊಂದು ಸಾಲಿದೆ: ಈ ರಿಯಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿ ವಾಸವಿದ್ದು ಮರಳುವವರಿಗೆ ಮಾತ್ರ. ಫಾರ್ವರ್ಡ್ ಆಗುತ್ತಾ ಆಗುತ್ತಾ ಬಿದ್ದುಹೋಗಿರುವುದು ಈ ಸಾಲೇ. ಐದು ದಿನದ ಪ್ಯಾಕೇಜ್ ಟೂರಿಗೆ ದುಬೈಗೆ ಹೋಗಿ, ಗೋಲ್ಡ್ ಸೂಕ್‌ನಲ್ಲಿ ನಾಲ್ಕು ಬಳೆ ಕೊಂಡು, ಸಂದೇಶವನ್ನು ನಂಬಿ ನೇರವಾಗಿ ಹೊರಗೆ ನಡೆದುಬರುವವರಿಗೆ ಈ 40 ಗ್ರಾಂ ಲೆಕ್ಕ ಅನ್ವಯಿಸುವುದೇ ಇಲ್ಲ.

ಇನ್ನೂ ಒಂದು ವಿಷಯ ಅದರಲ್ಲಿ ಇರುವುದಿಲ್ಲ. ರಿಯಾಯಿತಿ ಇರುವುದು ಆಭರಣಕ್ಕೆ. ಬಿಸ್ಕತ್ತು, ನಾಣ್ಯ, ಗಟ್ಟಿ ಇವಕ್ಕೆ ಸುಂಕರಹಿತ ಮಿತಿ ಎಂಬುದೇ ಇಲ್ಲ. ಮೊಮ್ಮಗುವಿನ ನಾಮಕರಣಕ್ಕೆಂದು ತಂದ ಎರಡು ಗ್ರಾಂ ನಾಣ್ಯವಾದರೂ ಅದು ಮೊದಲ ಗ್ರಾಂನಿಂದಲೇ ಸುಂಕಕ್ಕೆ ಒಳಪಡುತ್ತದೆ.

ಹಳೆಯ ನಿಯಮ, ಹೊಸ ನಿಯಮ

ಪ್ರಯಾಣಿಕರ ಸಾಮಾನುಗಳಿಗೆ ಸಂಬಂಧಿಸಿದ ಬ್ಯಾಗೇಜ್ ನಿಯಮಗಳು 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದ್ದವು. ಅವುಗಳಲ್ಲಿ ಆಭರಣಕ್ಕೆ ತೂಕದ ಮಿತಿಯ ಜೊತೆ ಬೆಲೆಯ ಮಿತಿಯೂ ಇತ್ತು: ಪುರುಷರಿಗೆ 50,000 ರೂಪಾಯಿ, ಮಹಿಳೆಯರಿಗೆ 1 ಲಕ್ಷ ರೂಪಾಯಿ. ಚಿನ್ನದ ಬೆಲೆ ಹತ್ತು ಗ್ರಾಂಗೆ ಲಕ್ಷ ದಾಟಿದ ಮೇಲೆ ಇದು ನಗೆಪಾಟಲಾಯಿತು. ಕಾಗದದ ಮೇಲೆ 40 ಗ್ರಾಂ ಎಂದಿದ್ದರೂ ಬೆಲೆಯ ಮಿತಿಯೊಳಗೆ ಬರುತ್ತಿದ್ದುದು ಹತ್ತು ಗ್ರಾಂ ಕೂಡ ಅಲ್ಲ. ಹತ್ತಾರು ವರ್ಷ ಗಲ್ಫ್‌ನಲ್ಲಿ ದುಡಿದು ಮಂಗಳೂರು, ಉಡುಪಿ, ಭಟ್ಕಳದ ಕಡೆ ಮರಳುತ್ತಿದ್ದವರು ಕೌಂಟರ್ ಮುಂದೆ ನಿಂತು ವಾದಿಸುತ್ತಿದ್ದುದು ಹೆಚ್ಚಾಗಿ ಈ ಕಾರಣಕ್ಕೇ. ಅವರ ವಾದದಲ್ಲಿ ನ್ಯಾಯವೂ ಇತ್ತು.

2026ರ ಫೆಬ್ರವರಿಯಲ್ಲಿ ಹೊಸ ಬ್ಯಾಗೇಜ್ ನಿಯಮಗಳು ಬಂದು ಬೆಲೆಯ ಮಿತಿಯನ್ನು ಕೈಬಿಟ್ಟವು. ಈಗ ನೋಡುವುದು ತೂಕವನ್ನು ಮಾತ್ರ: ಮಹಿಳೆಯರಿಗೆ 40 ಗ್ರಾಂ, ಉಳಿದವರಿಗೆ 20 ಗ್ರಾಂ. ಒಂದು ವರ್ಷದ ವಾಸದ ಷರತ್ತು ಮಾತ್ರ ಹಾಗೆಯೇ ಉಳಿದಿದೆ. ಇತರ ಸಾಮಾನುಗಳಿಗೆ ಭಾರತದ ನಿವಾಸಿಗಳಿಗಿದ್ದ 50,000 ರೂಪಾಯಿಯ ಸುಂಕರಹಿತ ಮಿತಿ ಇದೇ ನಿಯಮಗಳಲ್ಲಿ 75,000ಕ್ಕೆ ಏರಿತು. ಹಾಗಾಗಿ ದಿನಾಂಕವಿಲ್ಲದ ಕಸ್ಟಮ್ಸ್ ಫಾರ್ವರ್ಡ್ ನಿಮಗೆ ಬಂದರೆ, ಅದು ಯಾವ ಕಾಲದ ನಿಯಮವನ್ನು ಹೇಳುತ್ತಿದೆ ಎಂಬುದೇ ಮೊದಲ ಪ್ರಶ್ನೆ. 50,000 ಎಂದಿದ್ದರೆ ಅದು ಹಳೆಯದು.

ಚಿನ್ನಕ್ಕೆ ಇನ್ನೊಂದು ಬಾಗಿಲೂ ಇದೆ, ಅದರ ಬಗ್ಗೆ ಫಾರ್ವರ್ಡ್‌ಗಳು ಮಾತಾಡುವುದು ಕಡಿಮೆ. ಭಾರತೀಯ ಮೂಲದವರು ಅಥವಾ ಭಾರತದ ಪಾಸ್‌ಪೋರ್ಟ್ ಇರುವವರು ಕನಿಷ್ಠ ಆರು ತಿಂಗಳು ವಿದೇಶದಲ್ಲಿದ್ದು ಬಂದರೆ, ಒಂದು ಕೆ.ಜಿ.ವರೆಗೆ ಚಿನ್ನವನ್ನು ಕಡಿಮೆ ದರದ ಸುಂಕ ಕಟ್ಟಿ ತರಬಹುದು. ಸುಂಕವನ್ನು ವಿದೇಶಿ ಕರೆನ್ಸಿಯಲ್ಲೇ ಕಟ್ಟಬೇಕು. ನಡುವೆ ಊರಿಗೆ ಬಂದುಹೋಗಿದ್ದರೂ ಆ ದಿನಗಳು ಒಟ್ಟು 30 ಮೀರದಿದ್ದರೆ ಅಡ್ಡಿಯಿಲ್ಲ. ಕಲ್ಲು, ಮುತ್ತು ಕೂರಿಸಿದ ಆಭರಣ ಇದರಲ್ಲಿ ಸೇರುವುದಿಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಐದೂವರೆ ತಿಂಗಳಿಗೆ ಮರಳುವ ತಾಯಂದಿರನ್ನು ನೆನೆಸಿಕೊಳ್ಳಿ. ಅವರಿಗೆ ಒಂದು ವರ್ಷದ ರಿಯಾಯಿತಿಯೂ ಸಿಗದು, ಆರು ತಿಂಗಳ ದರವೂ ಸಿಗದು. ‘ತುಂಬಾ ದಿನ ಇದ್ದು ಬಂದೆ’ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಪಾಸ್‌ಪೋರ್ಟಿನ ಮೊಹರುಗಳನ್ನು ಎಣಿಸಲಾಗುತ್ತದೆ.

ದುಬೈ ಚಿನ್ನ ಅಗ್ಗ ಏಕೆ?

ಚಿನ್ನದ ಅಂತರರಾಷ್ಟ್ರೀಯ ಬೆಲೆ ದುಬೈಗೂ ಒಂದೇ, ದಾವಣಗೆರೆಗೂ ಒಂದೇ. ವ್ಯತ್ಯಾಸ ಹುಟ್ಟುವುದು ತೆರಿಗೆಯಲ್ಲಿ. ಭಾರತ ತನಗೆ ಬೇಕಾದ ಚಿನ್ನದಲ್ಲಿ ಬಹುಪಾಲನ್ನು ಹೊರಗಿನಿಂದ ತರಿಸುತ್ತದೆ. ಕೋಲಾರದ ಗಣಿ 2001ರಲ್ಲೇ ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಾರಾದರೂ ದೇಶದ ಬೇಡಿಕೆಯ ಮುಂದೆ ಅದು ಚಿಟಿಕೆಯಷ್ಟು. ಚಿನ್ನ ತರಿಸಲು ಡಾಲರ್ ಹೊರಹೋಗುತ್ತದೆ. ರೂಪಾಯಿ ಕುಸಿದಾಗಲೆಲ್ಲ ಸರ್ಕಾರ ಮೊದಲು ಕೈಹಾಕುವುದು ಚಿನ್ನದ ಆಮದು ಸುಂಕಕ್ಕೆ. 2012ರ ಆರಂಭದಲ್ಲಿ ಶೇ 2ರ ಸುತ್ತ ಇದ್ದ ಸುಂಕ, ರೂಪಾಯಿ ಜಾರಿದ 2013ರ ಆಗಸ್ಟ್ ಹೊತ್ತಿಗೆ ಶೇ 10 ಆಗಿತ್ತು. 2022ರ ಜುಲೈನಲ್ಲಿ ಶೇ 15 ಮುಟ್ಟಿತು. 2024ರ ಜುಲೈ ಬಜೆಟ್‌ನಲ್ಲಿ ಶೇ 6ಕ್ಕೆ ಇಳಿಯಿತು.

ಈ ಸುಂಕ, ಅದರ ಮೇಲಿನ ಶೇ 3 ಜಿಎಸ್‌ಟಿ ಸೇರಿ ನಮ್ಮೂರ ಅಂಗಡಿಯ ಬೆಲೆ ಆಗುತ್ತದೆ. ದುಬೈನಲ್ಲಿ ಇವೆರಡೂ ಇಲ್ಲ. ಅಲ್ಲಿ ಶೇ 5 ವ್ಯಾಟ್ ಇದ್ದರೂ ಪ್ರವಾಸಿಗರು ಹೊರಡುವಾಗ ಅದರ ಬಹುಭಾಗವನ್ನು ವಾಪಸ್ ಪಡೆಯಬಹುದು. ಆದ್ದರಿಂದ ಸುಂಕ ಶೇ 15 ಇದ್ದಾಗ ‘ಅಗ್ಗ’ ದೊಡ್ಡದಾಗಿ ಕಾಣುತ್ತಿತ್ತು, ಶೇ 6 ಆದಾಗ ಸಾಕಷ್ಟು ಕರಗಿತು.

ಈಗ ಸಣ್ಣದೊಂದು ಲೆಕ್ಕ ಹಾಕೋಣ. ಸುಂಕರಹಿತ ಮಿತಿ ಮೀರಿದ ಬ್ಯಾಗೇಜ್ ಮೇಲೆ ಹಲವು ವರ್ಷಗಳಿಂದ ಶೇ 35 ಸುಂಕ, ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್, ಒಟ್ಟು ಶೇ 38.5 ಹಾಕುತ್ತ ಬರಲಾಗಿದೆ. ಆರು ತಿಂಗಳು ಪೂರೈಸಿದವರು 1 ಲಕ್ಷ ರೂಪಾಯಿಯ ಚಿನ್ನಕ್ಕೆ ಶೇ 6ರ ದರದಲ್ಲಿ ಕಟ್ಟುವುದು 6,000. ಐದು ದಿನದ ಪ್ರವಾಸಿಯ ಅಷ್ಟೇ ಮೌಲ್ಯದ ಚಿನ್ನ ಶೇ 38.5ರ ದರಕ್ಕೆ ಒಳಪಟ್ಟರೆ 38,500. ಅಗ್ಗವೆಂದು ಕೊಂಡದ್ದು ಮನೆ ತಲುಪುವಷ್ಟರಲ್ಲಿ ಊರ ಅಂಗಡಿಗಿಂತ ದುಬಾರಿ. ಬಿಲ್ಲಿನಲ್ಲಿ ಕಡಿಮೆ ಬರೆಸಿಕೊಂಡು ಬಂದರೆ ಆಯಿತಲ್ಲ ಎನ್ನುವವರಿದ್ದಾರೆ. ಆದರೆ ಚಿನ್ನದ ಮೌಲ್ಯ ಎಷ್ಟೆಂದು ಸುಂಕ ಮಂಡಳಿ ಕಾಲಕಾಲಕ್ಕೆ ತಾನೇ ಪ್ರಕಟಿಸುತ್ತದೆ, ವಿನಿಮಯ ದರವನ್ನೂ ಅದೇ ನಿಗದಿ ಮಾಡುತ್ತದೆ.

ಹಸಿರು ದಾರಿಯಲ್ಲಿ ನಡೆಯುವುದೂ ಒಂದು ಹೇಳಿಕೆ

ಲಗೇಜ್ ಎತ್ತಿಕೊಂಡ ಮೇಲೆ ಎರಡು ದಾರಿಗಳು ಸಿಗುತ್ತವೆ. ಘೋಷಿಸುವಂಥದ್ದು ಏನೂ ಇಲ್ಲದವರಿಗೆ ಹಸಿರು, ಇರುವವರಿಗೆ ಕೆಂಪು. ಕೆಂಪು ಎಂದರೆ ಅಪರಾಧಿಗಳ ದಾರಿ ಎಂಬ ಭಾವನೆ ನಮ್ಮಲ್ಲಿದೆ, ಆ ಬಣ್ಣವನ್ನು ಯಾರು ಆರಿಸಿದರೋ! ನಿಜವಾಗಿ ಅದು ಬಿಲ್ ಕಟ್ಟುವ ಕೌಂಟರ್ ಅಷ್ಟೇ.

1962ರ ಕಸ್ಟಮ್ಸ್ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಬ್ಯಾಗಿನಲ್ಲಿ ಏನಿದೆ ಎಂದು ಹೇಳುವ ಹೊಣೆ ಪ್ರಯಾಣಿಕರದ್ದು. ಅಧಿಕಾರಿ ಕೇಳಲಿಲ್ಲ ಎನ್ನುವುದು ಉತ್ತರವಾಗದು. ಹಸಿರು ದಾರಿಗೆ ಕಾಲಿಟ್ಟರೆ ‘ನನ್ನ ಬಳಿ ಸುಂಕ ಕಟ್ಟಬೇಕಾದ್ದು ಏನೂ ಇಲ್ಲ’ ಎಂದು ಹೇಳಿದಂತೆಯೇ. ಆಮೇಲೆ ಸ್ಕ್ಯಾನರ್‌ನಲ್ಲಿ ಬಳೆ ಕಂಡರೆ ಮಾತು ಸುಂಕದ್ದಲ್ಲ, ಬಚ್ಚಿಟ್ಟದ್ದರದು. ಚಿನ್ನವನ್ನು ವಶಪಡಿಸಿಕೊಳ್ಳಬಹುದು, ಮುಟ್ಟುಗೋಲು ಹಾಕಿಕೊಳ್ಳಬಹುದು, ಬಿಡಿಸಿಕೊಳ್ಳಲು ಸುಂಕದ ಮೇಲೆ ದಂಡವನ್ನೂ ಕೇಳಬಹುದು. ಪ್ರಮಾಣ ದೊಡ್ಡದಾದರೆ ಬಂಧನ, ಏಳು ವರ್ಷದವರೆಗಿನ ಜೈಲುಶಿಕ್ಷೆಗೂ ಕಾಯ್ದೆಯಲ್ಲಿ ಅವಕಾಶವಿದೆ.

ಇದೇ ಕಾಯ್ದೆಯ 80ನೇ ಸೆಕ್ಷನ್ ಮಾತ್ರ ಯಾವ ಫಾರ್ವರ್ಡ್‌ನಲ್ಲೂ ಕಾಣಸಿಗದು. ತಂದ ವಸ್ತುವನ್ನು ಪ್ರಾಮಾಣಿಕವಾಗಿ ಘೋಷಿಸಿದ್ದೀರಿ, ಆದರೆ ಅಷ್ಟು ಸುಂಕ ಕಟ್ಟಲು ಆಗುತ್ತಿಲ್ಲ ಎಂದುಕೊಳ್ಳಿ. ವಸ್ತುವನ್ನು ಕಸ್ಟಮ್ಸ್ ವಶದಲ್ಲೇ ಇಟ್ಟು, ರಸೀದಿ ಪಡೆದು, ಮುಂದೆ ದೇಶ ಬಿಡುವಾಗ ವಾಪಸ್ ಒಯ್ಯಲು ಕೋರಬಹುದು. ಗಲ್ಫ್‌ಗೆ ಮತ್ತೆ ಕೆಲಸಕ್ಕೆ ಮರಳುವವರಿಗೆ ಇದು ದೊಡ್ಡ ಅನುಕೂಲ. ಷರತ್ತು ಒಂದೇ, ಘೋಷಣೆ ನಿಜವಾಗಿರಬೇಕು. ಹಸಿರು ದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಈ ಬಾಗಿಲು ಮುಚ್ಚಿರುತ್ತದೆ.

ಊರಿಂದಲೇ ಹಾಕಿಕೊಂಡು ಹೋದ ಒಡವೆಯ ಕತೆ ಬೇರೆ. ಮದುವೆಗೋ ಹಬ್ಬಕ್ಕೋ ಒಡವೆ ಹಾಕಿಕೊಂಡು ವಿದೇಶಕ್ಕೆ ಹೋಗುವವರು ಹೊರಡುವ ದಿನವೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಬಹುದು. ಮರಳುವಾಗ ಅದನ್ನು ತೋರಿಸಿದರೆ ಅದೇ ಒಡವೆಗೆ ಯಾರೂ ಸುಂಕ ಕೇಳುವುದಿಲ್ಲ. ಅಜ್ಜಿಯ ಕಾಲದ ಅವಲಕ್ಕಿ ಸರಕ್ಕೆ ಬಿಲ್ ಎಲ್ಲಿಂದ ತರುವುದು ಎಂಬ ಚಿಂತೆ ಇರುವವರು ಇದಕ್ಕೆಂದು ಒಂದು ತಾಸು ಮೊದಲೇ ಹೋಗುವುದು ಒಳ್ಳೆಯದು.

ಫೋನ್, ಟಿವಿ ಮತ್ತು ‘ನಾಲ್ವರ ಲೆಕ್ಕ’

ನಾಲ್ಕು ಜನರ ಕುಟುಂಬವಾದರೆ ಮಿತಿ 3 ಲಕ್ಷ, ಆದ್ದರಿಂದ ಎಷ್ಟು ದುಬಾರಿ ಫೋನಾದರೂ ನಡೆಯುತ್ತದೆ ಎನ್ನುವುದು ಇನ್ನೊಂದು ಜನಪ್ರಿಯ ಲೆಕ್ಕ. ಇದು ತಪ್ಪು. ಒಬ್ಬರ ಮಿತಿಯನ್ನು ಇನ್ನೊಬ್ಬರ ಮಿತಿಗೆ ಕೂಡಿಸುವಂತಿಲ್ಲ. 1,20,000 ರೂಪಾಯಿಯ ಫೋನ್ ಒಬ್ಬರದೇ ವಸ್ತು. 75,000 ಕಳೆದು ಉಳಿದ 45,000ಕ್ಕೆ ಶೇ 38.5ರಂತೆ 17,325 ರೂಪಾಯಿ ಸುಂಕ ಬರುತ್ತದೆ. ಬಳಸಿದ ಬಟ್ಟೆಬರೆಗೆ ಸುಂಕವಿಲ್ಲ. 18 ತುಂಬಿದವರು ಒಂದು ಲ್ಯಾಪ್‌ಟಾಪ್ ತರಬಹುದು, ಅದು 75,000ದ ಲೆಕ್ಕಕ್ಕೆ ಸೇರುವುದಿಲ್ಲ.

ಟಿವಿಗೆ ಮಾತ್ರ ಈ ಮಿತಿ ಇಲ್ಲವೇ ಇಲ್ಲ. ಫ್ಲ್ಯಾಟ್ ಟಿವಿಗಳನ್ನು 2013ರ ಆಗಸ್ಟ್‌ನಲ್ಲೇ ಸುಂಕರಹಿತ ಪಟ್ಟಿಯಿಂದ ಹೊರಗಿಡಲಾಯಿತು. ಆಗಲೂ ಕಾರಣ ರೂಪಾಯಿಯ ಕುಸಿತವೇ. ಮದ್ಯ ಎರಡು ಲೀಟರ್, ಸಿಗರೇಟು ನೂರು ಮೀರಬಾರದು. ಇ-ಸಿಗರೇಟನ್ನು ತರುವುದೇ ಅಪರಾಧ, 2019ರಿಂದ ಅದರ ಆಮದು ನಿಷಿದ್ಧ.

‘ಈ ಒಂದು ಪ್ಯಾಕೆಟ್ ತಲುಪಿಸ್ತೀರಾ?’

2025ರ ಮಾರ್ಚ್‌ನಲ್ಲಿ ದುಬೈನಿಂದ ಬಂದ ನಟಿಯೊಬ್ಬರನ್ನು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯ ಬಂಧಿಸಿದಾಗ, 14.2 ಕೆ.ಜಿ. ಚಿನ್ನ ಸಿಕ್ಕಿತೆಂದು ಅದು ಹೇಳಿತ್ತು. ಆ ಪ್ರಕರಣ ರಾಜ್ಯದಲ್ಲೆಲ್ಲ ಮನೆಮಾತಾಯಿತು. ಆದರೆ ಸುದ್ದಿಯಾಗದೆ ಸಿಕ್ಕಿಬೀಳುವವರಲ್ಲಿ ಕೂಲಿಗೆ ಸಾಗಿಸುವವರೂ ಇರುತ್ತಾರೆ. ಟಿಕೆಟ್ ಖರ್ಚು ಕೊಡುತ್ತೇವೆ, ಊರಲ್ಲಿ ಒಬ್ಬರು ಬಂದು ಪ್ಯಾಕೆಟ್ ಇಸಿದುಕೊಳ್ಳುತ್ತಾರೆ ಎಂಬ ಮಾತಿಗೆ ಒಪ್ಪುವ ಹುಡುಗರಿಗೆ ಜೊತೆಯಲ್ಲೇ ಸಿಗುವ ಧೈರ್ಯ ಯಾವುದು ಗೊತ್ತೇ? ‘ಇಷ್ಟು ಗ್ರಾಂವರೆಗೆ ಏನೂ ಆಗಲ್ಲ’ ಎಂಬ ಅದೇ ಅರ್ಧ ಫಾರ್ವರ್ಡ್. ವಸ್ತು ಯಾರ ಬ್ಯಾಗಿನಲ್ಲಿ ಸಿಗುತ್ತದೋ ಮೊದಲು ಉತ್ತರಿಸಬೇಕಾದವರು ಅವರೇ. ಕೊಟ್ಟವರ ಫೋನ್ ಅಷ್ಟರಲ್ಲಿ ಸ್ವಿಚ್ ಆಫ್ ಆಗಿರುತ್ತದೆ.

ಕಸ್ಟಮ್ಸ್ ಹೆಸರಿನ ಇನ್ನೊಂದು ಬಲೆಗೆ ವಿಮಾನ ಹತ್ತುವ ಅಗತ್ಯವೇ ಇಲ್ಲ. ಆನ್‌ಲೈನ್‌ನಲ್ಲಿ ಪರಿಚಯವಾದ ‘ವಿದೇಶಿ ಗೆಳೆಯ’ ಉಡುಗೊರೆ ಕಳಿಸಿದ್ದಾನೆ, ಅದು ವಿಮಾನ ನಿಲ್ದಾಣದಲ್ಲಿ ತಡೆಹಿಡಿದಿದೆ, ಈ ಯುಪಿಐಗೆ 25,000 ಹಾಕಿದರೆ ಬಿಡುತ್ತೇವೆ ಎಂದು ‘ಅಧಿಕಾರಿ’ಯೊಬ್ಬರು ಕರೆ ಮಾಡುತ್ತಾರೆ. ಒಮ್ಮೆ ಹಾಕಿದರೆ ಮುಂದೆ ದಂಡ, ಆಮೇಲೆ ಪ್ರಮಾಣಪತ್ರದ ಶುಲ್ಕ. ಕಸ್ಟಮ್ಸ್ ಇಲಾಖೆ ಖಾಸಗಿ ಖಾತೆಗೆ ಹಣ ಕೇಳುವುದಿಲ್ಲ. 2019ರ ನವೆಂಬರ್‌ನಿಂದ ಇಲಾಖೆಯ ಪತ್ರಗಳಿಗೆ ಡಿಐಎನ್ ಎಂಬ ಗುರುತುಸಂಖ್ಯೆ ಇರುತ್ತದೆ, ಅದು ಅಸಲಿಯೇ ಎಂದು ಪರೋಕ್ಷ ತೆರಿಗೆ ಮತ್ತು ಸುಂಕ ಮಂಡಳಿಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಪ್ರಯಾಣ ಹತ್ತಿರವಿದ್ದರೆ ಇದೇ ಮಂಡಳಿಯ ‘ಅತಿಥಿ’ ಆ್ಯಪ್‌ನಲ್ಲಿ ವಿಮಾನ ಏರುವ ಮೊದಲೇ ಸಾಮಾನುಗಳ ಘೋಷಣೆ ಸಲ್ಲಿಸಬಹುದು. ಮಿತಿ, ದರಗಳು ಬಜೆಟ್‌ನಿಂದ ಬಜೆಟ್‌ಗೆ ಬದಲಾಗುವುದರಿಂದ, ನಮ್ಮ ಈ ಲೇಖನದ ಅಂಕಿಗಳನ್ನೂ ಹೊರಡುವ ವಾರ ಮಂಡಳಿಯ ವೆಬ್‌ಸೈಟಿನ ಪ್ರಯಾಣಿಕರ ಪುಟದ ಜೊತೆ ಒಮ್ಮೆ ತಾಳೆ ನೋಡಿಕೊಳ್ಳಿ.