ಎಡಗೈಯ ಪೆಟ್ಟಿಗೆ
ಲಕ್ವ ಹೊಡೆದು ಮಾತು ನಿಂತವರ ಮುಂದೆ ಮನೆಮಂದಿ ಚಮಚ ಎತ್ತಿ ಹಿಡಿದು ‘ಇದೇನು ಹೇಳಿ’ ಎಂದು ಜೋರಾಗಿ ಕೂಗುತ್ತಾರೆ. ಕಿವಿಯೇನೋ ನೆಟ್ಟಗಿದೆ, ಚಮಚ ಯಾತಕ್ಕೆಂದೂ ಗೊತ್ತು. ಹೆಸರು ಮಾತ್ರ ನಾಲಿಗೆಗೆ ಬರದು. ವೈದ್ಯರು ಅಫೇಸಿಯಾ ಎನ್ನುವ ಈ ತೊಂದರೆ ಬಹುಪಾಲು ಎಡ ಮಿದುಳಿಗೆ ಪೆಟ್ಟಾದಾಗ ಬರುತ್ತದೆ. ಪದಗಳ ಗಿಳಿಪಾಠದ ಜೊತೆಗೆ ಗಮನವನ್ನೂ ಪಳಗಿಸಿದರೆ? ಫ್ಲಾರಿಡಾ ವಿಶ್ವವಿದ್ಯಾಲಯದ ಬ್ರೂಸ್ ಕ್ರಾಸನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ದಾರಿ ಹಿಡಿದರು. ಒಂದು, ಚಿತ್ರವನ್ನು ರೋಗಿಯ ಎಡಬದಿಗಿಟ್ಟು, ಅತ್ತ ನೋಡಿ ಹೆಸರಿಸಲು ಹೇಳುವುದು. ಇನ್ನೊಂದರಲ್ಲಿ ರೋಗಿ ಎಡಗೈಯಿಂದ ಪೆಟ್ಟಿಗೆಯ ಮುಚ್ಚಳ ತೆರೆದು ಒಳಗಿನ ಗುಂಡಿ ಒತ್ತಬೇಕು. ಆಮೇಲೇ ಪರದೆಯಲ್ಲಿ ಚಿತ್ರ. ಎಡಗೈ, ಎಡನೋಟ ಎರಡೂ ಬಲ ಮಿದುಳಿನ ಸುಪರ್ದಿ. ಅದನ್ನೆಬ್ಬಿಸಿ ಮಾತಿನ ಕೆಲಸಕ್ಕೆ ಹಚ್ಚುವ ಲೆಕ್ಕಾಚಾರವಿದು. ಮಾತು ಪೂರ್ತಿ ಕೈಬಿಡದವರಿಗೆ ಎರಡೂ ನೆರವಾದವು, ಪೆಟ್ಟಿಗೆಯದು ತುಸು ಮುಂದು (ನನಗೂ ಅದೇ ಇಷ್ಟ, ಬಾಯಿಗೂ ಮೊದಲು ಕೈಗೊಂದು ಕೆಲಸ). ಪವಾಡವೇನಲ್ಲ, ಚಿತ್ರ ನೋಡಿ ‘ಬಾಳೆಹಣ್ಣು’ ಎನ್ನುವುದು ಬೇರೆ, ಸಂತೆಯಲ್ಲಿ ಅದಕ್ಕೆ ಚೌಕಾಸಿ ಮಾಡುವುದು ಬೇರೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದಿಂದಲೂ ಇದ್ದರೂ, ಲಕ್ವ ಎಂದೊಡನೆ ಎಣ್ಣೆ ತಿಕ್ಕಿಸಲು ಓಡುವವರಿಗೆ ವಾಕ್ ಚಿಕಿತ್ಸಕರ ನೆನಪಾಗುವುದು ತಿಂಗಳುಗಳಾದ ಮೇಲೆ. ಅವರ ಬಳಿಗೆ ಬೇಗ ಹೋಗಿ. ಮನೆಯಲ್ಲಿ ಮಾತಾಡಿಸುವಾಗ ಟಿ.ವಿ. ಆರಿಸಿ, ಎದುರು ಕುಳಿತು ಒಬ್ಬರೇ ಮಾತಾಡಿ, ಉತ್ತರಕ್ಕೆ ಪುರುಸೊತ್ತು ಕೊಡಿ.