ನಮ್ಮ ಎಮ್ಮೆಗಳಿಗೆ ಚುಚ್ಚಿದ್ದೇನು? ನಿರ್ದೇಶಕರಿಗೊಂದು ಬಹಿರಂಗ ಪತ್ರ

ಮಾನ್ಯ ನಿರ್ದೇಶಕರಿಗೆ,

ನಾನು ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಗಳಲೆ ರೋಗದ ಹೊಸ ಲಸಿಕೆ ಪರೀಕ್ಷಿಸಲು ಕಳೆದ ಮುಂಗಾರಿಗೆ ಮುಂಚೆ ನಿಮ್ಮ ಸಂಶೋಧನಾ ಸಂಸ್ಥೆಯವರು ನಮ್ಮೂರ ಎಮ್ಮೆಗಳಿಗೆ ಚುಚ್ಚಿದ್ದು, ಆಮೇಲೆ ಬಂದು ಬಂದು ರಕ್ತ ತೆಗೆದುಕೊಂಡು ಹೋದದ್ದು ಈ ಭಾಗದ ರೈತರಿಗೆಲ್ಲ ಗೊತ್ತೇ ಇದೆ. ಫಲಿತಾಂಶ ಕೇಳಿ ಪತ್ರ ಬರೆದೆ, ಫೋನ್ ಮಾಡಿದೆ, ತಾಲ್ಲೂಕಿನ ಪಶುವೈದ್ಯರಿಂದಲೂ ಕೇಳಿಸಿದೆ. ಉತ್ತರವಿಲ್ಲದ್ದಕ್ಕೆ ಹೀಗೆ ಎಲ್ಲರೆದುರು ಕೇಳುತ್ತಿದ್ದೇನೆ.

ಸಂಘದ ಕಟ್ಟೆಯ ಮೇಲೆ ನಿಂತು ನಿಮ್ಮ ಹಿರಿಯ ವಿಜ್ಞಾನಿಗಳು ಕೊಟ್ಟ ಮಾತು ಇದು: ಯಾವ ಎಮ್ಮೆಗೆ ಯಾವ ಲಸಿಕೆ ಬಿತ್ತು, ಎಷ್ಟು ತಿಂಗಳು ತಡೆಯಿತು, ಎಲ್ಲವನ್ನೂ ಕನ್ನಡದಲ್ಲಿ ಬರೆದು ನಮ್ಮ ಬೋರ್ಡಿಗೆ ಹಚ್ಚುತ್ತೇವೆ. ಆ ಮಾತು ನಂಬಿ ಮನೆಮನೆಗೆ ಹೋಗಿ ರೈತರನ್ನು ಒಪ್ಪಿಸಿದವನು ನಾನು. ಬೋರ್ಡಿನಲ್ಲಿ ಇವತ್ತಿಗೂ ಹಿಂಡಿಯ ದರಪಟ್ಟಿ ಬಿಟ್ಟರೆ ಬೇರೇನಿಲ್ಲ.

ಪ್ರಯೋಗ ಬೇಡವೆನ್ನುವವನಲ್ಲ ನಾನು. ಗಳಲೆ ತರುವ ಬ್ಯಾಕ್ಟೀರಿಯಾ ಪಾಶ್ಚುರೆಲ್ಲಾ ಮಲ್ಟೊಸಿಡಾ ಹಸುವಿಗಿಂತ ಎಮ್ಮೆಯನ್ನು ಹೆಚ್ಚು ಕಾಡುತ್ತದೆ. ಗಂಟಲು ಬಾತು ಗೊರಗೊರ ಸದ್ದು ಶುರುವಾದರೆ ಡಾಕ್ಟರು ಬರುವಷ್ಟರಲ್ಲಿ ಎಮ್ಮೆ ಮಲಗಿರುತ್ತದೆ. ಪಟಿಕ ಬೆರೆಸಿದ ಹಳೇ ಲಸಿಕೆ ನಾಲ್ಕರಿಂದ ಆರು ತಿಂಗಳು ಕಾಯುತ್ತದೆ. ಎಣ್ಣೆ ಬೆರೆಸಿದ್ದು ವರ್ಷದ ಹತ್ತಿರ ಬಾಳುತ್ತದೆ. ಆದರೆ ಮಂದ, ಸಿರಿಂಜಿನಿಂದ ಸಲೀಸಾಗಿ ಇಳಿಯುವುದಿಲ್ಲ, ಚುಚ್ಚಿದಲ್ಲಿ ಗಂಟು ಕಟ್ಟುತ್ತದೆ. ತೆಳುವಾದ, ಹೆಚ್ಚು ಕಾಲ ಬಾಳುವ ಅಡ್ಜುವೆಂಟ್, ಅಂದರೆ ಲಸಿಕೆಯ ಬಲ ಹೆಚ್ಚಿಸಲು ಬೆರೆಸುವ ವಸ್ತು, ಬೇಕೆನ್ನುವುದು ನ್ಯಾಯವೇ. ಚುಚ್ಚಿದಲ್ಲಿ ಬಾವು ಬಂದ ಕುದುರೆಗಳ ರಕ್ತದಲ್ಲೇ ರೋಗನಿರೋಧಕ ಜಾಸ್ತಿ ಎಂದು 1920ರ ದಶಕದಲ್ಲಿ ಗುರುತಿಸಿದ ಫ್ರಾನ್ಸಿನ ಗ್ಯಾಸ್ಟನ್ ರಾಮೋನ್ ಕೂಡ ಪಶುವೈದ್ಯರೇ. ಹಾಗಾಗಿ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಂಟೆದ್ದು, ಹಗ್ಗ ತಾಗಿದರೆ ಒದೆಯುತ್ತಿದ್ದ ಎಮ್ಮೆಗಳ ಬಗ್ಗೆಯೂ ನಾವು ತಕರಾರು ಎತ್ತಲಿಲ್ಲ.

ತಕರಾರಿರುವುದು ಯಾವ ಎಮ್ಮೆಗೆ ಏನು ಚುಚ್ಚಿದಿರಿ ಎಂಬ ಪಟ್ಟಿಯ ಬಗ್ಗೆ. ಹೋಲಿಕೆಗೆಂದು ಕೆಲವು ಎಮ್ಮೆಗಳಿಗೆ ಲಸಿಕೆಯೇ ಇಲ್ಲದ ಬರೀ ಎಣ್ಣೆ ಚುಚ್ಚಿದ್ದೀರಾ? ಚುಚ್ಚಿದ್ದರೆ ಅವು ಒಂದು ಮಳೆಗಾಲವನ್ನು ದೇವರ ಮೇಲೆ ಭಾರ ಹಾಕಿ ಕಳೆದಿವೆ. ಯಾವುವು? ಕಿವಿಯೋಲೆಯ 12 ಅಂಕಿಗಳೆಲ್ಲ ನಿಮ್ಮ ಕಡತದಲ್ಲಿವೆ. ಫೋನ್ ಎತ್ತಿದ ನಿಮ್ಮ ಕಚೇರಿಯವರು ಹೇಳಿದ್ದು, "ಅದೆಲ್ಲ ನಿಮಗೆ ಅರ್ಥವಾಗುವುದಿಲ್ಲ" ಅಂತ. ಅರ್ಥವಾಗದವರ ಕೊಟ್ಟಿಗೆ ಬೇಕು, ಎಮ್ಮೆ ಬೇಕು, ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಬೇಕು. ಉತ್ತರ ಕೊಡುವಾಗ ಮಾತ್ರ ನಾವು ದಡ್ಡರು!

ಇದು ನಿಮ್ಮೊಬ್ಬರ ಚಾಳಿಯೂ ಅಲ್ಲ. ಮಣ್ಣು ಪರೀಕ್ಷೆಗೆಂದು ಮಣ್ಣು ಒಯ್ದವರು, ಬೆಳೆ ಸಮೀಕ್ಷೆಗೆಂದು ಫೋಟೋ ಹೊಡೆದವರು, ಎಲ್ಲರೂ ಒಯ್ಯುವವರೇ. ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಡಾಕ್ಟರಿಲ್ಲ, ಲಸಿಕೆ ಇಡುವ ಫ್ರಿಜ್ಜಿಗೆ ಕರೆಂಟಿಲ್ಲ, ಪ್ರಯೋಗಕ್ಕೆ ಮಾತ್ರ ಹವಾನಿಯಂತ್ರಿತ ಜೀಪು ಬರುತ್ತದೆ.

ಮತ್ತೆ ಮುಂಗಾರು ಹತ್ತಿರ ಬಂತು. ನೀವು ಚುಚ್ಚಿದ ಎಮ್ಮೆಗಳಿಗೆ ಪಟಿಕದ ಲಸಿಕೆ ಹಾಕಿಸಬೇಕೋ ಬೇಡವೋ ಎಂದು ಜನ ನನ್ನನ್ನು ಕೇಳುತ್ತಿದ್ದಾರೆ. ಪಟ್ಟಿಯನ್ನು ಮಳೆ ಹಿಡಿಯುವ ಮೊದಲು ಕಳಿಸಿ, ಕನ್ನಡದಲ್ಲಿ, ನಿಮ್ಮ ಸಹಿ ಹಾಕಿ. ಅಲ್ಲಿಯವರೆಗೆ ರಕ್ತ ತೆಗೆಯಲು ನಮ್ಮೂರಲ್ಲಿ ಯಾರೂ ಎಮ್ಮೆ ಹಿಡಿದು ಕೊಡುವುದಿಲ್ಲ.

ಇತಿ,
ಸಂಘದ ಕಾರ್ಯದರ್ಶಿ