ಪಲಭೆಯೂ ದುರ್ಬೀನಿನ ಪೀಠವೂ

ಕಳೆದ ಮಾಘಮಾಸದಲ್ಲಿ ಸಿರಸಿಯ ಸಮೀಪದ ತೋಟಿಗರೊಬ್ಬರು, ಪೂರ್ವದಲ್ಲಿ ನಮ್ಮ ಶಿಷ್ಯರಾಗಿದ್ದವರು, ತಾವೇ ತಿಕ್ಕಿ ಸಿದ್ಧಪಡಿಸಿದ ಕನ್ನಡಿಯ ದುರ್ಬೀನಿನಲ್ಲಿ ಗುರುಗ್ರಹವನ್ನು ನೋಡಲು ನಮ್ಮನ್ನು ಮನೆಗೆ ಕರೆದಿದ್ದರು. ನಾವು ನೋಡಿದೆವು, ಗುರುವನ್ನೂ ಅವನ ನಾಲ್ಕು ಉಪಗ್ರಹಗಳನ್ನೂ ಕಂಡು ಸಂತೋಷಪಟ್ಟೆವು. ಆದರೆ ಎಂಬತ್ತು ವರ್ಷದ ಅವರ ತಾಯಿಯವರು ಕೋಲೂರಿಕೊಂಡು ಬಂದು ಬಗ್ಗಿ ಕಣ್ಣಿಡುವಷ್ಟರಲ್ಲಿ ಗ್ರಹವು ಜಾರಿಹೋಗಿರುತ್ತಿತ್ತು. ಮೂರು ಸಲ ಹೀಗಾಯಿತು. “ಬರೀ ಕತ್ತಲೆ ಕಾಣ್ತದೆ ತಮ್ಮಾ” ಎಂದು ಹೇಳಿ ಆ ವೃದ್ಧೆಯು ಒಳಗೆ ನಡೆದರು. ಮಗನ ಮುಖವು ಬಾಡಿತು.

ಭೂಮಿಯು ತಾಸಿಗೆ 15 ಅಂಶಗಳಂತೆ ತಿರುಗುತ್ತಿರುವುದರಿಂದ, ನೂರು ಪಾಲು ಹಿಗ್ಗಿಸಿ ತೋರಿಸುವ ದುರ್ಬೀನಿನಲ್ಲಿ ಗ್ರಹವು ಸುಮಾರು ಎರಡು ನಿಮಿಷಗಳಲ್ಲಿ ದೃಷ್ಟಿಯನ್ನು ದಾಟಿಹೋಗುವುದು. ಪೀಠದ ಒಂದು ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರವಾಗಿದ್ದರೆ, ಆ ಒಂದನ್ನೇ ಮೆಲ್ಲಗೆ ತಿರುಗಿಸುತ್ತ ಗ್ರಹವನ್ನು ಹಿಡಿದಿಡಬಹುದು. ಶಿಷ್ಯರ ಪೀಠದಲ್ಲಿ ಅಂಥ ಅಚ್ಚು ಇತ್ತು. ಆದರೆ ಅದು ವಿದೇಶೀ ಪುಸ್ತಕದ ಚಿತ್ರವನ್ನು ನೋಡಿ ನೀರಿನ ಪೈಪು, ಟೀ, 45 ಅಂಶದ ಎಲ್ಬೋಗಳಿಂದ ಜೋಡಿಸಿದುದು. 1920ರ ದಶಕದಲ್ಲಿ ಗೃಹಸ್ಥರಿಗೆ ದುರ್ಬೀನು ಮಾಡಲು ಕಲಿಸಿದ ರಸೆಲ್ ಪೋರ್ಟರರ ಊರಾದ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ಅಕ್ಷಾಂಶ ಸುಮಾರು 43. ಅಲ್ಲಿ ಆ ಎಲ್ಬೋ ಹೆಚ್ಚುಕಡಿಮೆ ಒಪ್ಪುತ್ತದೆ. ಸಿರಸಿಯ ಅಕ್ಷಾಂಶವಾದರೋ ಸುಮಾರು 14 ಅಂಶ 37 ಕಲೆ.

“ಪುಸ್ತಕದಲ್ಲಿದ್ದಂತೆಯೇ ಮಾಡಿದ್ದೇನಲ್ಲಾ ಮಾಸ್ತರರೇ!” ಎಂದರು. ಪುಸ್ತಕವೇನೋ ಸರಿಯೇ; ಊರು ಮಾತ್ರ ಬೇರೆ ಎಂದೆವು.

ಈ ಸಂಗತಿಯನ್ನು ನಮ್ಮ ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದರು. ಸೂರ್ಯನು ವಿಷುವದ್ವೃತ್ತದಲ್ಲಿರುವ ದಿನ ಮಧ್ಯಾಹ್ನದಲ್ಲಿ ಹನ್ನೆರಡಂಗುಲದ ಶಂಕುವಿನ ನೆರಳೆಷ್ಟೋ ಅದೇ ಆ ಊರಿನ ಪಲಭೆ. ಜಯಪುರದ ಸಮ್ರಾಟ್ ಯಂತ್ರದ ಓರೆಗೋಡೆಯು ಸುಮಾರು 27 ಅಂಶ ಏರಿರುವುದೂ ಅದು ಆ ಊರಿನ ಅಕ್ಷಾಂಶವಾದುದರಿಂದಲೇ. ಸಿರಸಿಯ ಪಲಭೆಯು ಮೂರಂಗುಲಕ್ಕೆ ತುಸು ಹೆಚ್ಚು. ಹನ್ನೆರಡು ಅಡ್ಡಕ್ಕೆ ಆ ಮೂರು ಚಿಲ್ಲರೆ ಏರಿಸಿದ ಇಳಿಜಾರೇ ನಮ್ಮ ದುರ್ಬೀನಿನ ಪೀಠಕ್ಕೆ ಬೇಕಾದುದು!

ನಮ್ಮಲ್ಲಿ ಧ್ರುವನಕ್ಷತ್ರವು ಬಹಳ ತಗ್ಗಿನಲ್ಲಿದ್ದು ಅಡಿಕೆ ಮರಗಳ ಹಿಂದೆಯೋ ಗುಡ್ಡದ ಹಿಂದೆಯೋ ಮರೆಯಾಗಿರುವುದರಿಂದ ನೆರಳೇ ಮೇಲಾದ ಗುರು. ಮಾರ್ಚ್ 20 ಅಥವಾ 21ರಂದು ಸಮತಟ್ಟಾದ ಅಂಗಳದಲ್ಲಿ 1200 ಮಿಲಿಮೀಟರಿನ ಕೋಲನ್ನು ತೂಗುಗುಂಡಿನಿಂದ ನೆಟ್ಟಗೆ ನಿಲ್ಲಿಸಿ, ಅತಿ ಗಿಡ್ಡ ನೆರಳನ್ನು ಗುರುತಿಸಬೇಕು. ಸಿರಸಿಯಲ್ಲಿ ಅದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು 12 ಗಂಟೆ 38 ನಿಮಿಷಕ್ಕೆ ಬೀಳುವುದು. ನೆರಳಿನ ಉದ್ದ ಸುಮಾರು 313 ಮಿಲಿಮೀಟರು. ಅದರ ಗೆರೆಯೇ ನಿಜವಾದ ದಕ್ಷಿಣೋತ್ತರ. ಹೀಗೆ ಕೋನವೂ ದಿಕ್ಕೂ ಒಂದೇ ನೆರಳಿನಲ್ಲಿ ದೊರೆಯುವುವು.

ಆಮೇಲೆ ಲೇತಿನ ಕೆಲಸ. ಎರಡು ದಪ್ಪ ಕಬ್ಬಿಣದ ತಗಡುಗಳನ್ನು ದಕ್ಷಿಣದ ಅಂಚಿನಲ್ಲಿ ಕೀಲಿನಿಂದ ಕೂಡಿಸಿ, ಕೀಲಿನಿಂದ 300 ಮಿಲಿಮೀಟರು ದೂರದಲ್ಲಿ ಉದ್ದ ಬೋಲ್ಟು, ಎರಡು ನಟ್ಟುಗಳಿಂದ ಮೇಲಿನ ತಗಡನ್ನು ಎತ್ತಿ ಬಿಗಿಯಬೇಕು. ಎತ್ತರವು ಸಿರಸಿಯಲ್ಲಿ 78 ಮಿಲಿಮೀಟರು, ಸಿದ್ದಾಪುರದಲ್ಲಿ 77, ಯಲ್ಲಾಪುರದಲ್ಲಿ 80. ಮೇಲಿನ ತಗಡಿಗೆ ಹಿಟ್ಟಿನ ಗಿರಣಿಯಲ್ಲಿರುವಂಥ ಬೇರಿಂಗ್ ಬ್ಲಾಕುಗಳೆರಡನ್ನು ಕೂರಿಸಿ ಅಚ್ಚನ್ನು ತೂರಿಸಬೇಕು. ನಮ್ಮಲ್ಲಿ ಈ ಅಚ್ಚು ಬಹುಪಾಲು ಮಲಗಿರುವುದರಿಂದ ಸಮತೂಕದ ಗುಂಡು ಕೆಳಗೆ ಬರುವಾಗ ಕಂಬಕ್ಕೆ ಬಡಿಯುವುದು. ಆದುದರಿಂದ ಅಚ್ಚಿನ ಉತ್ತರದ ತುದಿಯು ಕಂಬದಿಂದ ಸಾಕಷ್ಟು ಮುಂದಕ್ಕೆ ಚಾಚಿರಬೇಕು. ಚಿರೆಕಲ್ಲಿನ ಕಂಬದ ಅಡಿಪಾಯವೂ ಉತ್ತರಕ್ಕೆ ಅಗಲವಾಗಿರಬೇಕು.

ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಸಮತೂಕದ ಸರಳಿನ ತುದಿಗೆ ನಟ್ಟು ಹಾಕುವುದನ್ನು “ನಾಳೆ ನೋಡಿದರಾಯಿತು” ಎಂದವರು ನಾವೇ. ಆ ರಾತ್ರಿ ಗುಂಡು ಜಾರಿ ಬಿದ್ದು ಅಂಗಳದ ಹಾಸುಗಲ್ಲು ಒಡೆಯಿತು. ಮನೆಯ ಮಗುವಿನ ಪಾದವು ಅಲ್ಲಿಂದ ಗೇಣು ದೂರದಲ್ಲಿತ್ತು. ಮೊದಲು ತುದಿಯ ನಟ್ಟು, ಆಮೇಲೆ ಗುಂಡು: ಇದನ್ನು ಯಾರೂ ಮರೆಯಬಾರದು. ದುರ್ಬೀನನ್ನು ಸೂರ್ಯನ ಕಡೆಗೆ ತಿರುಗಿಸಿ ಎಂದೂ ನೋಡಬಾರದೆಂಬುದನ್ನೂ ಮಕ್ಕಳಿಗೆ ಮೊದಲೇ ಹೇಳಿಡಬೇಕು.

ಚೈತ್ರದಲ್ಲಿ ಹೊಸ ಪೀಠವು ಸಿದ್ಧವಾಯಿತು. ಮಗನು ಅಚ್ಚನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತ ನಿಂತನು. ತಾಯಿಯವರು ಮಣೆಯ ಮೇಲೆ ಕುಳಿತು ಬಹಳ ಹೊತ್ತು ನೋಡಿದರು. “ನಾಲ್ಕು ಚುಕ್ಕಿ ಒಂದೇ ಸಾಲಲ್ಲಿ ಕಾಣ್ತದಲ್ಲೋ!” ಎಂದು ಎಣಿಸಿ ಹೇಳಿದರು, ಸೊಸೆಯು ಊಟಕ್ಕೆ ಎರಡು ಸಲ ಕರೆದರೂ ಏಳಲಿಲ್ಲ.